ಅಡಿಕೆ ರೇಟಿನ ಸೈಟು, ಅಡ್ಡ ಬರೋ ಆ್ಯಡು: ಗೂಗಲ್‌ಗೆ ಏನೇನು ಕಾಣತ್ತೆ?

ಪ್ರಶ್ನೆ: ನಾನು ಹೊಸನಗರ ತಾಲೂಕಿನವನು. ಅಡಿಕೆ ಧಾರಣೆ, ಮಳೆ ಲೆಕ್ಕ, ಲಿಂಗನಮಕ್ಕಿ ನೀರಿನ ಮಟ್ಟ ಇಷ್ಟನ್ನ ದಿನಾ ಹಾಕೋ ಒಂದು ಸಣ್ಣ ಕನ್ನಡ ವೆಬ್‌ಸೈಟ್ ಇಟ್ಕೊಂಡಿದೀನಿ. ಹೋದ ವರ್ಷಕ್ಕೆ ಹೋಲಿಸಿದ್ರೆ ಗೂಗಲ್ಲಿಂದ ಬರೋ ಜನ ಅರ್ಧಕ್ಕರ್ಧ ಕಮ್ಮಿ ಆಗಿದಾರೆ. ಸೈಟ್ ಮಾಡ್ಕೊಡೋರು ಒಬ್ರು "ಆ್ಯಡ್ ಜಾಸ್ತಿ ಆಯ್ತು, ಡಿಸೈನ್ ಹಳೇದಾಯ್ತು, ಗೂಗಲ್ ಪೆನಾಲ್ಟಿ ಹಾಕಿದೆ" ಅಂತ ಹೇಳಿ ಹೊಸ ಡಿಸೈನಿಗೆ 35 ಸಾವಿರ ಕೇಳ್ತಿದಾರೆ. ಗೂಗಲ್‌ಗೆ ನಮ್ಮ ಆ್ಯಡ್ ಕಾಣತ್ತಾ ಸಾರ್? ಡಿಸೈನ್ ಚೆನ್ನಾಗಿದ್ಯೋ ಇಲ್ವೋ ಅಂತ ಒಂದು ಮಷಿನ್‌ಗೆ ಹೇಗೆ ಗೊತ್ತಾಗತ್ತೆ? ಆ್ಯಡ್ ತೆಗೆದ್ರೆ ಬರೋ ನಾಕು ಕಾಸೂ ಹೋಗತ್ತಲ್ಲ?

ಉತ್ತರ: ಕಾಣತ್ತೆ ಮಾರಾಯ್ರೆ, ಚೆನ್ನಾಗೇ ಕಾಣತ್ತೆ. ಆದ್ರೆ 35 ಸಾವಿರ ಈಗ್ಲೇ ಕೊಡ್ಬೇಡಿ. ಸೈಟಿನ ಬಣ್ಣ ಬೆಡಗು ಹೇಗಿದೆ ಅನ್ನೋದು ಗೂಗಲ್‌ಗೆ ದೊಡ್ಡ ವಿಷ್ಯ ಅಲ್ಲ, ಒಬ್ಬ ಮನುಷ್ಯ ಏನು ಹುಡುಕ್ಕೊಂಡು ಬಂದ್ನೋ ಅದಕ್ಕೂ ಅವ್ನಿಗೂ ಮಧ್ಯ ನೀವು ಏನೇನು ಅಡ್ಡ ಇಟ್ಟಿದೀರ ಅನ್ನೋದು ದೊಡ್ಡ ವಿಷ್ಯ, ಮತ್ತೆ ನಿಮ್ಮಲ್ಲಿ ಆ ಅಡ್ಡಗಳಲ್ಲಿ ಅರ್ಧಕ್ಕರ್ಧ ಆ್ಯಡೇ ಅಲ್ಲ.

ನಿಮ್ಮ ಸೈಟನ್ನ ಫೋನಲ್ಲೇ ತೆಗ್ದು ನೋಡ್ದೆ, ವೈಫೈ ಆಫ್ ಮಾಡಿ, ಯಾಕಂದ್ರೆ ನಿಮ್ಮ ಓದುಗರು ನೋಡೋದೂ ಹಾಗೇ. ಇವತ್ತಿನ ರಾಶಿ ಅಡಿಕೆ ರೇಟ್ ಅಂತ ಟೈಪ್ ಮಾಡಿ ನಿಮ್ಮ ಲಿಂಕ್ ಒತ್ತಿದ ತಕ್ಷಣ ಮೊದಲು ಬಂದಿದ್ದು ನೋಟಿಫಿಕೇಶನ್ ಕಳಿಸ್ಲಾ ಬೇಡ್ವಾ ಅನ್ನೋ ಪ್ರಶ್ನೆ. ಬೇಡ ಅಂದೆ. ಆಮೇಲೆ ಇಡೀ ಸ್ಕ್ರೀನ್ ಮುಚ್ಚಿ "ನಮ್ಮ ವಾಟ್ಸಾಪ್ ಗ್ರೂಪ್ ಸೇರಿ" ಅಂತ ಒಂದು ಹಸಿರು ಡಬ್ಬಿ, ಅದನ್ನ ಮುಚ್ಚೋ ಇಂಟು ಗುರುತು ಬೆರಳಿಗೆ ಸಿಗದಷ್ಟು ಸಣ್ಣದು. ಅದು ಹೋದ್ಮೇಲೆ ಮೇಲ್ಗಡೆ ಒಂದು ದೊಡ್ಡ ಆ್ಯಡು, ಅದರ ಕೆಳಗೆ "ಅಡಿಕೆಯು ಮಲೆನಾಡಿನ ಪ್ರಮುಖ ವಾಣಿಜ್ಯ ಬೆಳೆಯಾಗಿದೆ" ಅಂತ ಶುರುವಾಗೋ ನಾಕು ಪ್ಯಾರ, ನಡುವೆ ಇನ್ನೊಂದು ಆ್ಯಡು. ಅಲ್ಲಾ ಸ್ವಾಮಿ, ಅಟ್ಟದ ಮೇಲೆ ಚೀಲ ಇಟ್ಕೊಂಡು ಇವತ್ತು ಕೊಡ್ಲಾ ನಾಳೆ ಕೊಡ್ಲಾ ಅಂತ ರೇಟ್ ನೋಡೋಕೆ ಬಂದೋನಿಗೆ ಅಡಿಕೆ ಅಂದ್ರೇನು ಅನ್ನೋ ಪಾಠ ಯಾಕೆ? ಕೊನೆಗೆ ಧಾರಣೆ ಬಂತು, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೊಂದು ಥರದ ಅಡಿಕೆಗೂ ಕನಿಷ್ಠ ಗರಿಷ್ಠ ಎಲ್ಲ ನೀಟಾಗಿದೆ. ಅದರ ಕೆಳಗಿರೋ "ಸಾಗರ ಮಾರುಕಟ್ಟೆ" ಲಿಂಕ್ ಒತ್ತೋಕೆ ಹೆಬ್ಬೆರಳು ಇಳಿಸೋ ಅಷ್ಟ್ರಲ್ಲಿ ಮೇಲ್ಗಡೆ ತಡವಾಗಿ ಲೋಡ್ ಆದ ಇನ್ನೊಂದು ಆ್ಯಡು ಇಡೀ ಪುಟಾನ ಕೆಳಕ್ಕೆ ತಳ್ತು, ನನ್ನ ಬೆರಳು ಬಿದ್ದಿದ್ದು ಸಾಲ ಕೊಡೋ ಆ್ಯಪಿನ ಆ್ಯಡ್ ಮೇಲೆ. ಅಲ್ಲಿಂದ ವಾಪಸ್ ಬರೋಕೆ ಬ್ಯಾಕ್ ಒತ್ತಿದ್ರೆ ಇನ್ಯಾವ್ದೋ ಪುಟ. ನಾನು ಸೈಟ್ ನೋಡ್ಲೇಬೇಕು ಅಂತ ಕೂತೋನು, ಅದಕ್ಕೆ ಉಳ್ಕೊಂಡೆ. ರೇಟ್ ಬೇಕಾದೋನು ಗೂಗಲ್‌ಗೆ ವಾಪಸ್ ಹೋಗಿ ಮುಂದಿನ ಲಿಂಕ್ ಒತ್ತಿರ್ತಾನೆ.

ಈಗ ಇದರಲ್ಲಿ ಗೂಗಲ್‌ಗೆ ಯಾವ್ದು ಹೇಗೆ ಗೊತ್ತಾಗತ್ತೆ ಅಂತ ಬಿಡಿಸಿ ಹೇಳ್ತೀನಿ.

ಗೂಗಲ್ ನಿಮ್ಮ ಪುಟಾನ ಬರೀ ಅಕ್ಷರ ಅಂತ ಓದಲ್ಲ, ಕ್ರೋಮ್ ಬ್ರೌಸರ್ ಥರದ್ದೇ ಒಂದು ಎಂಜಿನಲ್ಲಿ ಪುಟಾನ ಪೂರ್ತಿ ಬಿಡಿಸಿ ನೋಡತ್ತೆ, ಅದೂ ಮೊಬೈಲ್ ಆವೃತ್ತಿಯನ್ನ. ಯಾವ ಡಬ್ಬಿ ಎಲ್ಲಿ ಕೂತಿದೆ, ಎಷ್ಟು ಎತ್ತರ, ಮುಖ್ಯ ವಿಷಯ ಎಷ್ಟು ಕೆಳಗೆ ಶುರುವಾಗತ್ತೆ ಇದೆಲ್ಲ ಅದಕ್ಕೆ ಸಿಗೋ ಲೆಕ್ಕ. ಈ ಲೆಕ್ಕ ಇವತ್ತು ನಿನ್ನೆ ಶುರುವಾಗಿದ್ದಲ್ಲ. 2011ರ ಫೆಬ್ರವರಿಯಲ್ಲಿ ಪಾಂಡಾ ಅನ್ನೋ ಬದಲಾವಣೆ ಬಂತು, ಅಮೆರಿಕದಲ್ಲಿ 11.8 ಶೇಕಡಾ ಹುಡುಕಾಟಗಳ ಫಲಿತಾಂಶ ಅಲ್ಲಾಡ್ತು, ಅದಾದ್ಮೇಲೆ ಮೇ ತಿಂಗಳಲ್ಲಿ ಗೂಗಲ್ಲೇ ಸೈಟ್ ನಡೆಸೋರಿಗೆ ಒಂದು ಪ್ರಶ್ನೆಗಳ ಪಟ್ಟಿ ಕೊಡ್ತು, ಅದರಲ್ಲಿ ಒಂದು ನೇರವಾಗಿ ಇದೇ: ನಿಮ್ಮ ಪುಟದಲ್ಲಿ ಓದೋಕೆ ಅಡ್ಡಿ ಆಗೋ ಅಷ್ಟು ಆ್ಯಡ್ ಇದೆಯಾ? ಆಮೇಲೆ 2012ರ ಜನವರಿಯಲ್ಲಿ ಪೇಜ್ ಲೇಔಟ್ ಅಂತ ಬೇರೇನೇ ಒಂದು ಬಂತು, ಪುಟ ತೆಗೆದ ಕೂಡ್ಲೇ ಸ್ಕ್ರೋಲ್ ಮಾಡೋಕೂ ಮುಂಚೆ ಕಾಣೋ ಜಾಗದಲ್ಲಿ ಬರೀ ಆ್ಯಡೇ ತುಂಬಿದ್ರೆ ಆ ಸೈಟು ಕೆಳಗೆ. 2014ರಲ್ಲಿ ಅದನ್ನ ಇನ್ನೊಂದ್ಸಲ ಹೊಸದು ಮಾಡಿದ್ರು. ಇಲ್ಲೊಂದು ಗಮನಿಸಿ, ಪೇಜ್ ಲೇಔಟ್ ಶುರುವಾದಾಗ ಗೂಗಲ್ ಹೇಳಿದ ಪ್ರಕಾರ ಅದರ ಪೆಟ್ಟು ಬಿದ್ದಿದ್ದು 1 ಶೇಕಡಾಕ್ಕಿಂತ ಕಮ್ಮಿ ಹುಡುಕಾಟಗಳಿಗೆ. ಅಂದ್ರೆ ಎಲ್ಲೋ ಒಂದು ಆ್ಯಡ್ ಮೇಲ್ಗಡೆ ಇಟ್ಟೋರಿಗೆ ಅಲ್ಲ, ಮಿತಿ ಮೀರಿದೋರಿಗೆ.

ನಿಮಗೆ ನೇರವಾಗಿ ತಾಗೋದು 2017ರ ಜನವರಿ 10ರಿಂದ ಜಾರಿಗೆ ಬಂದ ನಿಯಮ. ಗೂಗಲ್ಲಿಂದ ಮೊಬೈಲಲ್ಲಿ ಒಂದು ಪುಟಕ್ಕೆ ಬಂದೋರಿಗೆ ಮುಖ್ಯ ವಿಷಯ ಮುಚ್ಚೋ ಹಾಗೆ ಪಾಪ್‌ಅಪ್ ತೋರಿಸಿದ್ರೆ ಆ ಪುಟ ಮೇಲ್ಗಡೆ ಬರದೇ ಇರಬಹುದು ಅನ್ನೋದು ಅದರ ಸಾರ. ಕುಕೀ ಒಪ್ಪಿಗೆ ಕೇಳೋದು, ವಯಸ್ಸು ಕೇಳೋದು ಥರ ಕಾನೂನಿಗೆ ಬೇಕಾಗಿದ್ದು, ಲಾಗಿನ್ ಡಬ್ಬಿ, ಸುಲಭವಾಗಿ ಮುಚ್ಚೋಕಾಗೋ ಸಣ್ಣ ಪಟ್ಟಿ, ಇವುಕ್ಕೆಲ್ಲ ವಿನಾಯಿತಿ ಇದೆ. ಇಲ್ಲಿ ತುಂಬಾ ಜನ ಎಡವೋದು ಎಲ್ಲಿ ಅಂದ್ರೆ, ಪಾಪ್‌ಅಪ್ ಅಂದ ಕೂಡ್ಲೇ ದುಡ್ಡು ಬರೋ ಆ್ಯಡ್ ಮಾತ್ರ ಅಂದ್ಕೊಳೋದು. ನಿಯಮದಲ್ಲಿ ಹಾಗೇನೂ ಇಲ್ಲ. ನಿಮ್ಮ ವಾಟ್ಸಾಪ್ ಗ್ರೂಪಿನ ಹಸಿರು ಡಬ್ಬಿ ಒಂದು ರೂಪಾಯಿ ಕೊಡಲ್ಲ, ಆದ್ರೂ ಅದು ಇಡೀ ಸ್ಕ್ರೀನ್ ಮುಚ್ಚತ್ತೆ, ಹಾಗಾಗಿ ಅದೂ ಲೆಕ್ಕಕ್ಕೆ ಬರತ್ತೆ. ಐದು ಸೆಕೆಂಡ್ ಬಿಟ್ಟು ತೋರಿಸಿದ್ರೆ ಗೂಗಲ್‌ಗೆ ಗೊತ್ತಾಗಲ್ಲ ಅಂತ ಒಂದು ಸಲಹೆ ಎಲ್ಲ ಕಡೆ ಓಡಾಡತ್ತೆ, ಅದನ್ನ ನಂಬ್ಬೇಡಿ, ಓದ್ತಾ ಇರುವಾಗ ಮಧ್ಯ ಬಂದು ಮುಚ್ಚೋದನ್ನೂ ಗೂಗಲ್ ಆವತ್ತೇ ಪಟ್ಟಿಯಲ್ಲಿ ಸೇರಿಸಿತ್ತು.

ಇನ್ನು ಕ್ರೋಮ್ ವಿಷ್ಯ. ನಿಮ್ಮ ಡಿಸೈನರ್ ಹೇಳಿದ ಪೆನಾಲ್ಟಿ ಕಥೆಯಲ್ಲಿ ಬಹುಶಃ ಇದು ಅದು ಎಲ್ಲ ಕಲಸಿ ಹೋಗಿದೆ. ಸರ್ಚಲ್ಲಿ ಕೆಳಗೆ ಹೋಗೋದು ಒಂದು, ಕ್ರೋಮ್ ಬ್ರೌಸರ್ ನಿಮ್ಮ ಆ್ಯಡ್‌ಗಳನ್ನೇ ತೋರಿಸದೇ ಇರೋದು ಇನ್ನೊಂದು, ಆ್ಯಡ್‌ಸೆನ್ಸ್ (ಸೈಟುಗಳಿಗೆ ಆ್ಯಡ್ ಕೊಟ್ಟು ದುಡ್ಡು ಕೊಡೋ ಗೂಗಲ್ ವಿಭಾಗ) ಖಾತೆ ಬಂದ್ ಆಗೋದು ಮೂರನೇದು, ಮೂರಕ್ಕೂ ನಿಯಮ ಬೇರೆ, ನೋಡೋ ವ್ಯವಸ್ಥೆನೂ ಬೇರೆ. ಕ್ರೋಮ್ ನಡೆಯೋದು ಕೊಯಲಿಶನ್ ಫಾರ್ ಬೆಟರ್ ಆ್ಯಡ್ಸ್ ಅನ್ನೋ ಒಕ್ಕೂಟ ಮಾಡಿದ ನಿಯಮದ ಮೇಲೆ. ಅಮೆರಿಕ, ಯುರೋಪಲ್ಲಿ 2018ರ ಫೆಬ್ರವರಿಯಿಂದ, ನಮ್ಮಲ್ಲಿ ಸೇರಿ ಇಡೀ ಪ್ರಪಂಚಕ್ಕೆ 2019ರ ಜುಲೈ 9ರಿಂದ, ಈ ನಿಯಮ ಪದೇ ಪದೇ ಮುರಿಯೋ ಸೈಟಲ್ಲಿ ಕ್ರೋಮ್ ಎಲ್ಲಾ ಆ್ಯಡನ್ನೂ ತಡೆಯತ್ತೆ, ಕೆಟ್ಟದ್ದು ಒಳ್ಳೇದು ಅಂತ ಬೇರೆ ಮಾಡಲ್ಲ. ಮೊಬೈಲಿಗೆ ಪಾಪ್‌ಅಪ್ ಆ್ಯಡು, ಪುಟ ಬರೋಕೂ ಮುಂಚೆ ಬರೋ ಪೂರ್ತಿ ಸ್ಕ್ರೀನಿನ ಆ್ಯಡು, ತಾನೇ ಸೌಂಡ್ ಮಾಡ್ಕೊಂಡು ಓಡೋ ವೀಡಿಯೋ, ಮಿಣಮಿಣ ಮಿನುಗೋದು, ಸ್ಕ್ರೀನಿನ 30 ಶೇಕಡಾಕ್ಕಿಂತ ಜಾಸ್ತಿ ಜಾಗ ಹಿಡ್ಕೊಂಡು ಅಂಟ್ಕೊಂಡಿರೋದು, ಇವೆಲ್ಲ ಅದರ ಕಪ್ಪುಪಟ್ಟಿಯಲ್ಲಿ ಇದಾವೆ.

ಅದರಲ್ಲೇ ಇರೋ ಆ್ಯಡ್ ದಟ್ಟಣೆ ಅನ್ನೋ ಲೆಕ್ಕ ನಿಮ್ಮಂಥ ಸೈಟಿಗೆ ತುಂಬಾ ಮುಖ್ಯ. ಮುಖ್ಯ ವಿಷಯದ ಭಾಗದಲ್ಲಿ ಬರೋ ಎಲ್ಲಾ ಆ್ಯಡ್‌ಗಳ ಎತ್ತರ ಕೂಡಿಸಿ ಆ ಭಾಗದ ಒಟ್ಟು ಎತ್ತರದಿಂದ ಭಾಗಿಸಬೇಕು, 30 ಶೇಕಡಾ ದಾಟಿದ್ರೆ ಮೊಬೈಲಲ್ಲಿ ನಿಯಮ ಮುರಿದ ಹಾಗೆ. ಉದ್ದ ಲೇಖನ ಬರೆಯೋರಿಗೆ ಇದು ಸಮಸ್ಯೆನೇ ಅಲ್ಲ, 6000 ಪಿಕ್ಸೆಲ್ ಉದ್ದದ ಪುಟದಲ್ಲಿ 250 ಎತ್ತರದ ನಾಕು ಆ್ಯಡ್ ಹಾಕಿದ್ರೂ 17 ಶೇಕಡಾ ಹತ್ರ ನಿಲ್ಲತ್ತೆ. ಆದ್ರೆ ಧಾರಣೆ ಪುಟ ಅಂದ್ರೆ ಎಷ್ಟಿರತ್ತೆ, ಹತ್ತು ಸಾಲಿನ ಒಂದು ಟೇಬಲ್ಲು. ಒಟ್ಟು 1600 ಪಿಕ್ಸೆಲ್ ಅಂತ ಇಟ್ಕೊಳಿ, ಅದರಲ್ಲಿ 250ರ ಎರಡೇ ಎರಡು ಆ್ಯಡ್ ಹಾಕಿದ್ರೆ 31 ಶೇಕಡಾ ಆಗೋಯ್ತು. ಇದನ್ನ ತಪ್ಪಿಸೋಕೆ ಅಂತಲೇ ಕೆಲವ್ರು ಆ ಅಡಿಕೆ ಪಾಠದ ಪ್ಯಾರಗಳನ್ನ ತುರುಕೋದು, ಪುಟ ಉದ್ದ ಆಗ್ಲಿ, ಆ್ಯಡಿಗೆ ಜಾಗ ಸಿಗ್ಲಿ ಅಂತ. ದಟ್ಟಣೆ ಲೆಕ್ಕ ಸರಿಹೋಗತ್ತೆ ನಿಜ, ಬಂದೋರಿಗೆ ಬೇಕಾಗಿದ್ದು ಮಾತ್ರ ಇನ್ನೂ ಎರಡು ಸ್ಕ್ರೀನ್ ಕೆಳಗೆ ಹೋಗತ್ತೆ. ಸಣ್ಣ ಪುಟಕ್ಕೆ ಒಂದೇ ಆ್ಯಡ್ ಸಾಕು, ನನ್ನ ಪ್ರಕಾರ ಅದರಲ್ಲಿ ಚೌಕಾಸಿ ಇಲ್ಲ.

ನಿಮ್ಮ ಸೈಟ್ ಕ್ರೋಮ್ ಪಟ್ಟಿಯಲ್ಲಿ ಇದೆಯಾ ಅಂತ ನೋಡೋಕೆ ಸರ್ಚ್ ಕನ್ಸೋಲ್ (ಸರ್ಚಲ್ಲಿ ಸೈಟ್ ಹೇಗಿದೆ ಅಂತ ಅದನ್ನ ನಡೆಸೋರಿಗೆ ಗೂಗಲ್ ತೋರಿಸೋ ಸಾಧನ) ಜೊತೆಗೇ ಬರೋ ಆ್ಯಡ್ ಎಕ್ಸ್‌ಪೀರಿಯನ್ಸ್ ರಿಪೋರ್ಟ್ ಅಂತ ಇದೆ, ಸೈಟ್ ನಿಮ್ಮದು ಅಂತ ದೃಢ ಮಾಡಿದ್ರೆ ಅದರಲ್ಲಿ ನಿಮ್ಮ ಸ್ಥಿತಿ ಏನು ಅಂತ ಗೊತ್ತಾಗತ್ತೆ. ಇನ್ನೊಂದು ಸಣ್ಣ ವಿಷ್ಯ, ಒಂದು ಆ್ಯಡು 4 ಎಂಬಿಗಿಂತ ಜಾಸ್ತಿ ಡೇಟಾ ಎಳೆದ್ರೆ, ಇಲ್ಲಾ ಫೋನಿನ ಪ್ರೊಸೆಸರನ್ನ ಮಿತಿ ಮೀರಿ ತಿಂದ್ರೆ, ಬಳಸೋರು ಅದನ್ನ ಮುಟ್ಟೋಕೂ ಮುಂಚೆನೇ 2020ರಿಂದೀಚೆಗೆ ಕ್ರೋಮ್ ಅದನ್ನ ಕಿತ್ತು ಹಾಕತ್ತೆ. ಆ ಜಾಗದಲ್ಲಿ ಬೂದು ಬಣ್ಣದ ಖಾಲಿ ಡಬ್ಬಿ ಕಂಡ್ರೆ ಅದು ನೆಟ್‌ವರ್ಕ್ ತೊಂದ್ರೆನೇ ಅಂದ್ಕೋಬೇಡಿ.

ಈಗ ಆ ತಳ್ಳಾಟದ ವಿಷ್ಯಕ್ಕೆ ಬರೋಣ, ಹೆಬ್ಬೆರಳು ಸಾಗರದ ಬದಲು ಸಾಲದ ಆ್ಯಪ್ ಮೇಲೆ ಬಿದ್ದಿದ್ದು. ಇದಕ್ಕೆ ಗೂಗಲ್ ಹತ್ರ ಅಳತೆ ಇದೆ, ಸಿಎಲ್‌ಎಸ್ ಅಂತಾರೆ, ಪುಟದಲ್ಲಿ ಇದ್ದಿದ್ದು ಇದ್ದಕ್ಕಿದ್ದ ಹಾಗೆ ಎಷ್ಟು ಜರುಗ್ತು ಅನ್ನೋದರ ಲೆಕ್ಕ, 0.1 ಒಳಗಿದ್ರೆ ಒಳ್ಳೇದು. ಅದರ ಜೊತೆ ಇನ್ನೆರಡು: ಎಲ್‌ಸಿಪಿ ಅಂದ್ರೆ ಸ್ಕ್ರೀನಲ್ಲಿ ಕಾಣೋ ದೊಡ್ಡ ಭಾಗ ಬರೋಕೆ ಎಷ್ಟು ಹೊತ್ತು, 2.5 ಸೆಕೆಂಡ್ ಒಳಗೆ ಬರ್ಬೇಕು. ಐಎನ್‌ಪಿ ಅಂದ್ರೆ ಒತ್ತಿದ ಮೇಲೆ ಪುಟ ಎಷ್ಟು ಬೇಗ ಸ್ಪಂದಿಸತ್ತೆ, 200 ಮಿಲಿಸೆಕೆಂಡ್ ಒಳಗೆ. ಈ ಐಎನ್‌ಪಿ ಬಂದಿದ್ದು 2024ರ ಮಾರ್ಚಲ್ಲಿ, ಅದಕ್ಕೂ ಮುಂಚೆ ಎಫ್‌ಐಡಿ ಅಂತ ಬೇರೆ ಇತ್ತು. ಮೂರೂ ಸೇರಿ ಕೋರ್ ವೆಬ್ ವೈಟಲ್ಸ್, 2021ರಿಂದ ಮೊಬೈಲ್ ಸರ್ಚಲ್ಲಿ ಇದನ್ನ ಗಣನೆಗೆ ತಗೋತಿದಾರೆ.

ಈ ಲೆಕ್ಕ ಎಲ್ಲಿಂದ ಬರತ್ತೆ ಅನ್ನೋದು ನಮ್ಮ ಮಲೆನಾಡಿನೋರಿಗೆ ಮುಖ್ಯ. ಗೂಗಲ್ ತನ್ನ ಆಫೀಸಲ್ಲಿ ಕೂತು ಅಳೆಯೋದಲ್ಲ, ಕ್ರೋಮ್ ಬಳಸೋ ನಿಮ್ಮದೇ ಓದುಗರ ಫೋನಿಂದ ಬಂದ 28 ದಿನದ ಲೆಕ್ಕ, ಅದರಲ್ಲೂ ನೂರು ಭೇಟಿಯಲ್ಲಿ 75 ಭೇಟಿಗೆ ಚೆನ್ನಾಗಿರ್ಬೇಕು. ಬೆಂಗಳೂರಲ್ಲಿ ಓದೋರಿರೋ ಸೈಟು ಭಾರ ಇದ್ರೂ ಪಾಸಾಗಿಬಿಡತ್ತೆ. ನಿಮ್ಮ ಓದುಗರು ಬಿದನೂರು ನಗರ, ನಿಟ್ಟೂರು, ಆಗುಂಬೆ ಕಡೆ ಗುಡ್ಡದ ಸಂದಿಯಲ್ಲಿ ಸಿಗ್ನಲ್ ಹುಡುಕ್ಕೊಂಡು ಅಂಗಳದ ಮೂಲೆಗೆ ಬಂದು ನೋಡೋರು, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರೂ ಸುಮ್ನಾದ್ರೆ ಅದೂ ಇಲ್ಲ. ಹಾಗಾಗಿ ಅದೇ ಆ್ಯಡು, ಅದೇ ಕೋಡು, ನಿಮಗೆ ಜಾಸ್ತಿ ಹೊಡೆತ ಕೊಡತ್ತೆ. ನೀವು ಹೊಸನಗರ ಪೇಟೆಯಲ್ಲಿ ಫೈಬರ್ ವೈಫೈಯಲ್ಲಿ ನೋಡಿ ಚೆನ್ನಾಗಿ ಓಡ್ತಿದೆಯಲ್ಲ ಅಂದ್ರೆ ಆಗಲ್ಲ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನೋ ಗೂಗಲ್ಲಿನ ವೇಗ ಪರೀಕ್ಷೆ ಪುಟದಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿದ್ರೆ ಮೇಲ್ಗಡೆ ನಿಜವಾದ ಬಳಕೆದಾರರ ಅಂಕಿ, ಕೆಳಗೆ ಪ್ರಯೋಗದ ಅಂಕಿ ಬರತ್ತೆ, ಎಲ್ರೂ ಕೆಳಗಿರೋ ನೂರಕ್ಕೆ ಇಷ್ಟು ಅನ್ನೋ ಮಾರ್ಕ್ಸ್ ನೋಡಿ ಗಾಬರಿ ಆಗ್ತಾರೆ, ನೀವು ಮೇಲಿಂದು ನೋಡಿ. ಜನ ತೀರಾ ಕಮ್ಮಿ ಇದ್ರೆ ಮೇಲಿಂದು ಖಾಲಿ ಇರತ್ತೆ, ಆವಾಗ ಕೆಳಗಿಂದೇ ಗತಿ.

ಜರುಗಾಟ ನಿಲ್ಸೋಕೆ ಹೊಸ ಡಿಸೈನ್ ಬೇಡ. ಆ್ಯಡ್ ಬರೋ ಡಬ್ಬಿಗೆ ಸ್ಟೈಲಲ್ಲಿ ಮೊದಲೇ 250 ಪಿಕ್ಸೆಲ್ ಕನಿಷ್ಠ ಎತ್ತರ ಕೊಟ್ಟುಬಿಡಿ, ಆ್ಯಡ್ ತಡವಾಗಿ ಬಂದ್ರೂ ಅದರ ಜಾಗಕ್ಕೆ ಬಂದು ಕೂರತ್ತೆ, ಬೇರೆಯೋರನ್ನ ತಳ್ಳಲ್ಲ. ಫೋಟೋಗಳಿಗೂ ಅಗಲ ಎತ್ತರ ಬರೆದಿಡಿ. ವರ್ಡ್‌ಪ್ರೆಸ್ ಗೊತ್ತಿರೋ ಹುಡುಗ್ರು ಒಂದು ಸಂಜೆಯಲ್ಲಿ ಮಾಡ್ಕೊಡ್ತಾರೆ.

ಆದ್ರೆ ಇದಿಷ್ಟೇ ಸರಿ ಮಾಡಿ ನಾಳೆ ಮೊದಲನೇ ಸ್ಥಾನ ಬರತ್ತೆ ಅಂತ ಕಾಯ್ಬೇಡಿ. ಕೋರ್ ವೆಬ್ ವೈಟಲ್ಸಿನ ತೂಕ ಕಮ್ಮಿ, ಒಳ್ಳೆ ಅಂಕ ಬಂದ ಮಾತ್ರಕ್ಕೆ ಮೇಲೆ ಬರ್ತೀರ ಅನ್ನೋ ಖಾತ್ರಿ ಇಲ್ಲ ಅಂತ ಗೂಗಲ್ಲೇ ಹೇಳತ್ತೆ, ವಿಷಯ ಹೊಂದೋ ಪುಟ ನಿಧಾನ ಆದ್ರೂ ಮೇಲೆ ಬರಬಹುದು. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಜನ ವಾಪಸ್ ಓಡೋದು. ಕ್ಲಿಕ್ ಲೆಕ್ಕ ಬಳಸ್ತೀರಾ ಅಂತ ಕೇಳಿದ್ರೆ ಗೂಗಲ್ಲಿನೋರು ವರ್ಷಗಟ್ಟಲೆ ಹಾರಿಕೆ ಉತ್ತರ ಕೊಡ್ತಾ ಬಂದಿದ್ರು. ಅಮೆರಿಕ ಸರ್ಕಾರ ಗೂಗಲ್ ಮೇಲೆ ಹಾಕಿದ ಏಕಸ್ವಾಮ್ಯದ ಕೇಸಲ್ಲಿ ಅವರ ಸರ್ಚ್ ವಿಭಾಗದ ಪಾಂಡು ನಾಯಕ್ 2023ರಲ್ಲಿ ಸಾಕ್ಷಿ ಹೇಳುವಾಗ ನ್ಯಾವ್‌ಬೂಸ್ಟ್ ಅನ್ನೋ ವ್ಯವಸ್ಥೆ ಹೊರಗೆ ಬಂತು, ಜನ ಯಾವ ಫಲಿತಾಂಶ ಒತ್ತಿದ್ರು ಅನ್ನೋ 13 ತಿಂಗಳ ಲೆಕ್ಕ ಅದರಲ್ಲಿ ಇರತ್ತೆ. ಅಂದ್ರೆ ನಿಮ್ಮ ಹಸಿರು ಡಬ್ಬಿಯನ್ನ ಯಾವ ನಿಯಮನೂ ಹಿಡೀಲಿಲ್ಲ ಅಂತ್ಲೇ ಇಟ್ಕೊಳಿ, ಅದನ್ನ ನೋಡಿ ವಾಪಸ್ ಹೋಗಿ ಪಕ್ಕದ ಸೈಟ್ ಒತ್ತಿದ ರೈತರು ತಿಂಗಳುಗಟ್ಟಲೆ ನಿಮ್ಮ ವಿರುದ್ಧ ಓಟ್ ಹಾಕ್ತಾ ಇದಾರೆ.

2024ರ ಮೇನಲ್ಲಿ ಇನ್ನೊಂದು ಆಯ್ತು. ಗೂಗಲ್ ಸರ್ಚಿನ ಒಳಗಿನ ದಾಖಲೆ ಪತ್ರಗಳು ಸೋರಿಕೆ ಆದ್ವು, 14 ಸಾವಿರ ಚಿಲ್ಲರೆ ಅಂಶಗಳ ಹೆಸರು ಅದರಲ್ಲಿ. ದಾಖಲೆ ನಿಜ ಅಂತ ಗೂಗಲ್ ಒಪ್ಕೊಳ್ತು, ಹಿಂದೆಮುಂದೆ ಗೊತ್ತಿಲ್ದೆ ಅರ್ಥ ಕಟ್ಬೇಡಿ ಅಂತನೂ ಹೇಳ್ತು. ಅದರಲ್ಲಿ ಕ್ಲಟರ್ ಸ್ಕೋರ್ ಅಂತ ಒಂದಿದೆ, ಕಿರಿಕಿರಿ ಮಾಡೋ, ಗಮನ ಕೆಡಿಸೋ ಸಾಮಾನು ಜಾಸ್ತಿ ಲೋಡ್ ಮಾಡೋ ಸೈಟನ್ನ ಕೆಳಗಿಳಿಸೋಕೆ ಇರೋ ಅಂಕ ಅಂತ ವಿವರಣೆ. ಅದು ಒಂದು ಪುಟಕ್ಕಲ್ಲ, ಇಡೀ ಸೈಟಿಗೆ ಹಾಕೋ ಅಂಕ. ಮೊಬೈಲ್ ಪಾಪ್‌ಅಪ್ ನಿಯಮ ಮುರೀತಾ ಅನ್ನೋದಕ್ಕೆ ಒಂದು ಗುರುತು, ಆ್ಯಡ್ ದಟ್ಟಣೆ ಎಷ್ಟು ಜೋರಾಗಿ ಮೀರಿದೆ ಅನ್ನೋದಕ್ಕೆ ಇನ್ನೊಂದು ಇದೆ. ಹೆಸರು ಇದೆ ಅಂದ ಮಾತ್ರಕ್ಕೆ ಇವತ್ತು ಬಳಸ್ತಿದಾರೆ, ಇಷ್ಟು ತೂಕ ಇದೆ ಅಂತ ಆಗಲ್ಲ, ಯಾರಾದ್ರೂ ಕ್ಲಟರ್ ಸ್ಕೋರ್ ಸರಿ ಮಾಡ್ಕೊಡ್ತೀನಿ ಅಂತ ದುಡ್ಡು ಕೇಳಿದ್ರೆ ನಕ್ಕು ಕಳಿಸಿ, ಆ ಅಂಕ ಹೊರಗಿನೋರಿಗೆ ಕಾಣಲ್ಲ. ಆದ್ರೆ ಇಡೀ ಸೈಟಿಗೆ ಒಂದೇ ಅಂಕ ಅನ್ನೋ ಯೋಚನೆ ನೆನಪಿಟ್ಕೊಳಿ. ಎಷ್ಟೋ ಜನ ಹೋಮ್ ಪೇಜ್ ಮಾತ್ರ ಸ್ವಚ್ಛ ಮಾಡಿ, ಒಳಗಿನ ಧಾರಣೆ ಪುಟಗಳಲ್ಲಿ ಆ್ಯಡ್ ಸುರೀತಾರೆ, ಮಂಡಿಗೆ ತಗೊಂಡು ಹೋಗೋ ಚೀಲದ ಬಾಯಲ್ಲಿ ಮಾತ್ರ ಒಳ್ಳೆ ಅಡಿಕೆ ಇಟ್ಟ ಹಾಗೆ, ಗೂಗಲ್ಲಿಂದ ಬರೋರು ಇಳಿಯೋದೇ ಒಳಗಿನ ಪುಟಕ್ಕೆ.

ಡಿಸೈನ್ ಚೆನ್ನಾಗಿದ್ಯಾ ಅಂತ ಮಷಿನ್‌ಗೆ ಹೇಗೆ ಗೊತ್ತಾಗತ್ತೆ ಅಂದ್ರಲ್ಲ. ಅಂದ ಚಂದ ಗೊತ್ತಾಗಬೇಕಾಗಿಲ್ಲ ಅದಕ್ಕೆ. ಗೂಗಲ್ ಸಾವಿರಾರು ಜನ ಮೌಲ್ಯಮಾಪಕರನ್ನ ಇಟ್ಕೊಂಡಿದೆ, ಅವರ ಕೈಗೆ ಒಂದು ದಪ್ಪ ಮಾರ್ಗಸೂಚಿ ಕೊಡತ್ತೆ, ಅದನ್ನ ಯಾರು ಬೇಕಾದ್ರೂ ಇಳಿಸ್ಕೊಂಡು ಓದಬಹುದು. ಅವರು ಕೊಡೋ ಅಂಕದಿಂದ ನಿಮ್ಮ ಸೈಟಿನ ಸ್ಥಾನ ನೇರ ಬದಲಾಗಲ್ಲ, ಗೂಗಲ್ ತನ್ನ ಲೆಕ್ಕಾಚಾರ ಸರಿಯಾಗಿ ಓಡ್ತಿದ್ಯಾ ಅಂತ ನೋಡ್ಕೊಳೋಕೆ ಅದು. ಆ ಪುಸ್ತಕದಲ್ಲಿ ಪುಟಾನ ಮೂರು ಪಾಲು ಮಾಡ್ತಾರೆ: ಮುಖ್ಯ ವಿಷಯ, ಅದಕ್ಕೆ ಸಹಾಯ ಮಾಡೋ ಮೆನು ಇತ್ಯಾದಿ, ಮತ್ತೆ ಆ್ಯಡು. ಆ್ಯಡ್ ಇದೆ ಅನ್ನೋದೇ ತಪ್ಪು ಅಂತ ಅದರಲ್ಲಿ ಇಲ್ಲ, ಆ್ಯಡ್ ದುಡ್ಡಿಲ್ದೆ ಎಷ್ಟೋ ಸೈಟ್ ಇರ್ತಾನೇ ಇರಲಿಲ್ಲ ಅನ್ನೋದನ್ನ ಅವರೂ ಒಪ್ತಾರೆ. ಮುಖ್ಯ ವಿಷಯ ಬಳಸೋಕೆ ಆ್ಯಡ್ ಅಡ್ಡಿ ಆದ್ರೆ ಕಮ್ಮಿ ಅಂಕ, ಆ್ಯಡನ್ನೇ ಮುಖ್ಯ ವಿಷಯದ ವೇಷ ಹಾಕಿ ಮೋಸ ಮಾಡಿದ್ರೆ ಇನ್ನೂ ಕೆಳಗೆ. ನಿಮ್ಮ ಪುಟದಲ್ಲಿ "ಇಂದಿನ ದರ ಪಿಡಿಎಫ್ ಡೌನ್‌ಲೋಡ್" ಅನ್ನೋ ಒಂದು ನೀಲಿ ಬಟನ್ ಇದೆಯಲ್ಲ, ಒತ್ತಿದ್ರೆ ಪಿಡಿಎಫ್ ಬರಲ್ಲ, ಬೇರೆ ಸೈಟ್ ಬರತ್ತೆ. ಅದು ನೀವು ಹಾಕಿದ್ದಲ್ಲ ಅಂತ ನಂಗೊತ್ತು, ಗೂಗಲ್ ಜೊತೆಗೆ ನೀವು ಸೇರಿಸ್ಕೊಂಡಿರೋ ಎರಡನೇ ಆ್ಯಡ್ ಕಂಪನಿ (ನೆಟ್‌ವರ್ಕ್) ತಂದು ಹಾಕಿರೋದು, ಬ್ಯಾಕ್ ಬಟನ್ ಕೆಡಿಸ್ತಿರೋದೂ ಅದೇ ಕೋಡು. ಅದನ್ನ ಇವತ್ತೇ ತೆಗೀರಿ. ಉಳಿದಿದ್ದೆಲ್ಲ ನಿಧಾನಕ್ಕೆ ಆದ್ರೂ ಪರವಾಗಿಲ್ಲ, ಇದು ಮೋಸದ ಲೆಕ್ಕಕ್ಕೆ ಬರತ್ತೆ, ಕ್ರೋಮ್ 2018ರ ಡಿಸೆಂಬರಿಂದಲೇ ಇಂಥ ಸೈಟಿನ ಎಲ್ಲಾ ಆ್ಯಡ್ ತಡೆಯೋ ವ್ಯವಸ್ಥೆ ಮಾಡ್ಕೊಂಡಿದೆ.

ಇಷ್ಟೆಲ್ಲ ಹೇಳಿದ್ಮೇಲೂ ನಿಮ್ಮ ಸೈಟ್ ಬಿದ್ದಿದ್ದು ಬರೀ ಆ್ಯಡಿಂದ ಅಂತ ನನಗೆ ಅನ್ಸಲ್ಲ. ಧಾರಣೆ ಟೇಬಲ್ ನೀಟಾಗಿದೆ ಅಂದ್ನಲ್ಲ, ಅದು ಟೇಬಲ್ಲೇ ಅಲ್ಲ, ವಾಟ್ಸಾಪಿಗೆ ಮಾಡಿದ ಪೋಸ್ಟರಿನ ಫೋಟೋ. ಫೋಟೋದೊಳಗಿನ ಕನ್ನಡ ಅಂಕಿ ಅಕ್ಷರವನ್ನ ಗೂಗಲ್ ಸರಿಯಾಗಿ ಓದ್ಕೊಳತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ, ಅಂದ್ರೆ ಗೂಗಲ್ ಕಣ್ಣಿಗೆ ನಿಮ್ಮ ಪುಟದಲ್ಲಿ ಉಳಿಯೋದು ಆ ಅಡಿಕೆ ಪಾಠ ಮತ್ತೆ ಆ್ಯಡ್‌ಗಳು, ಅಷ್ಟೇ. ಮೇಲಿಂದ ನೀವು ದಿನಕ್ಕೊಂದು ಹೊಸ ಪುಟ ಮಾಡ್ತೀರ, ಅದೇ ನಾಕು ಪ್ಯಾರ, ತಾರೀಕು ಮಾತ್ರ ಬೇರೆ. ವರ್ಷಕ್ಕೆ ಮುನ್ನೂರು ಚಿಲ್ಲರೆ ಪುಟ, ಎಲ್ಲಾ ಒಂದೇ ಥರ. ಜನರಿಗೆ ಉಪಯೋಗಕ್ಕಿಂತ ಸರ್ಚಿಗೆ ಅಂತ ಮಾಡಿದ ಪುಟಗಳನ್ನ ಕೆಳಗಿಳಿಸೋ ವ್ಯವಸ್ಥೆನ ಗೂಗಲ್ 2022ರ ಆಗಸ್ಟಲ್ಲಿ ತಂತು, 2024ರ ಮಾರ್ಚಲ್ಲಿ ಅದನ್ನ ಮುಖ್ಯ ವ್ಯವಸ್ಥೆ ಒಳಗೇ ಸೇರಿಸ್ಬಿಡ್ತು. ನಿಮ್ಮ ಪುಟಗಳು ಅದರ ಬಾಯಿಗೆ ಸಿಗೋ ಹಾಗೇ ಇದಾವೆ.

ಅದರ ಬದಲು ಮಾರುಕಟ್ಟೆಗೆ ಒಂದು ಪುಟ ಮಾಡಿ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಆ ವಿಳಾಸ ಯಾವತ್ತೂ ಬದಲಾಗ್ಬಾರ್ದು. ತೆಗೆದ ಕೂಡ್ಲೇ ಮೊದಲ ಸಾಲಲ್ಲಿ ತಾರೀಕು, ಯಾವ ಎಪಿಎಂಸಿ ಲೆಕ್ಕ, ಎಷ್ಟು ಗಂಟೆಗೆ ಹಾಕಿದ್ದು. ಅದರ ಕೆಳಗೆ ನಿಜವಾದ ಟೇಬಲ್. ಅದರ ಕೆಳಗೆ ಹಿಂದಿನ ಮೂವತ್ತು ದಿನದ್ದು, ಯಾಕಂದ್ರೆ ಮಾರೋನಿಗೆ ಇವತ್ತಿನ ರೇಟಿಗಿಂತ ಏರ್ತಿದ್ಯಾ ಇಳೀತಿದ್ಯಾ ಅನ್ನೋದೇ ಮುಖ್ಯ, ಇದು ಪೋಸ್ಟರಲ್ಲಿ ಸಿಗಲ್ಲ, ಪಕ್ಕದ ಸೈಟಲ್ಲೂ ಇಲ್ಲ. ಲಿಂಗನಮಕ್ಕಿಗೂ ಹಾಗೇ, ಗರಿಷ್ಠ ಮಟ್ಟ 1819 ಅಡಿ, ಇವತ್ತು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು, ಮೂರು ಸಾಲಲ್ಲಿ ಮುಗೀತು. ಸೈಟ್ ಯಾರು ನಡೆಸೋದು, ಫೋನ್ ಮಾಡೋಕೆ ನಂಬರ್ ಏನು ಅನ್ನೋದೂ ಒಂದು ಕಡೆ ಇರ್ಲಿ.

ಇದಕ್ಕೂ ಮುಂಚೆ ಸರ್ಚ್ ಕನ್ಸೋಲ್ ತೆಗೆದು ಎರಡು ನೋಡಿ. ಮ್ಯಾನ್ಯುವಲ್ ಆ್ಯಕ್ಷನ್ ಅನ್ನೋ ಕಡೆ ಏನೂ ಇಲ್ಲ ಅಂದ್ರೆ ನಿಮಗೆ ಯಾರೂ ಕೂತು ಪೆನಾಲ್ಟಿ ಹಾಕಿಲ್ಲ, ಡಿಸೈನರ್ ಮಾತು ಅಲ್ಲಿಗೆ ಬಿತ್ತು. ಆಮೇಲೆ ಪರ್ಫಾರ್ಮೆನ್ಸಲ್ಲಿ ಈ ವರ್ಷದ ಮೂರು ತಿಂಗಳನ್ನ ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಹೋಲಿಸಿ, ಹಿಂದಿನ ತಿಂಗಳ ಜೊತೆ ಬೇಡ, ಕೊಯ್ಲಿನ ಕಾಲಕ್ಕೂ ಮಳೆಗಾಲಕ್ಕೂ ಅಡಿಕೆ ರೇಟ್ ಹುಡುಕೋ ಜನರಲ್ಲಿ ಅಜಗಜಾಂತರ ಇರತ್ತೆ. ಸರಾಸರಿ ಸ್ಥಾನ ಅಷ್ಟೇ ಇದ್ದು ಇಂಪ್ರೆಶನ್ (ಗೂಗಲ್ ಫಲಿತಾಂಶದಲ್ಲಿ ನಿಮ್ಮ ಲಿಂಕ್ ಎಷ್ಟು ಸಲ ಕಾಣಿಸ್ತು ಅನ್ನೋ ಲೆಕ್ಕ) ಕಮ್ಮಿ ಆಗಿದ್ರೆ ಹುಡುಕೋರೇ ಕಮ್ಮಿ ಆಗಿದಾರೆ, ಈಗ ರೇಟ್ ಬೆಳಗ್ಗೆನೇ ವಾಟ್ಸಾಪಿಗೆ ಬಂದು ಬೀಳತ್ತಲ್ಲ. ಸ್ಥಾನ 3ರಿಂದ 9ಕ್ಕೆ ಹೋಗಿದ್ರೆ ನಾನು ಮೇಲೆ ಹೇಳಿದ ಕಾರಣಗಳು. ಸ್ಥಾನನೂ ಇಂಪ್ರೆಶನ್ನೂ ಇದ್ದು ಕ್ಲಿಕ್ ಮಾತ್ರ ಬಿದ್ದಿದ್ರೆ ನಿಮ್ಮ ಶೀರ್ಷಿಕೆ ನೋಡಿ ಜನ ಒತ್ತುತ್ತಿಲ್ಲ, ಇಲ್ಲಾ ಒಂದ್ಸಲ ಬಂದು ಹೋದೋರು ಹೆಸರು ನೋಡಿ ದಾಟ್ಕೊಂಡು ಹೋಗ್ತಿದಾರೆ.

ದುಡ್ಡಿನ ಚಿಂತೆ ಅರ್ಥ ಆಗತ್ತೆ. ಇಲ್ಲೊಂದು ತಮಾಷೆನೂ ಇದೆ, ಸರ್ಚ್ ಗೂಗಲ್ ಆ್ಯಡ್ ಕಮ್ಮಿ ಇರ್ಲಿ ಅಂತ ಹೇಳತ್ತೆ, ಆ್ಯಡ್‌ಸೆನ್ಸ್ ಗೂಗಲ್ ಆಟೋ ಆ್ಯಡ್ಸ್ ಅಂತ ಒಂದು ಸ್ಲೈಡರ್ ಕೊಟ್ಟು ಇನ್ನೂ ಎಳೀರಿ ಅನ್ನತ್ತೆ, ಒಂದೇ ಮನೆಯ ಇಬ್ರು. ನೀವು ಆಟೋ ಆ್ಯಡ್ಸಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಪೂರ್ತಿ ಸ್ಕ್ರೀನ್ ಬರೋ ವಿನ್ಯೆಟ್ ಆಫ್ ಮಾಡಿ. ಅದು ಸರ್ಚಿಂದ ಇಳಿದ ಕೂಡ್ಲೇ ಬರೋ ಪಾಪ್‌ಅಪ್ ಥರದ್ದಲ್ಲ ನಿಜ, ಆದ್ರೆ ಶಿವಮೊಗ್ಗ ನೋಡಿ ಸಾಗರ ನೋಡಿ ತೀರ್ಥಹಳ್ಳಿ ನೋಡೋ ರೈತರಿಗೆ ಮಧ್ಯ ಮಧ್ಯ ಬಂದ್ರೆ ತಲೆ ಕೆಡತ್ತೆ. ಕೆಳಗೆ ಅಂಟಿರೋ ಸಣ್ಣ ಪಟ್ಟಿ ಇರ್ಲಿ, ಟೇಬಲ್ ಕೆಳಗೆ ಒಂದು ಆ್ಯಡ್ ಇರ್ಲಿ. ಮೊದಲ ತಿಂಗಳು ಆದಾಯ ಕಮ್ಮಿ ಆಗೇ ಆಗತ್ತೆ, ಸುಳ್ಳು ಹೇಳಲ್ಲ. ಅದನ್ನ ತುಂಬಿಸ್ಕೊಳೋಕೆ ನನಗೆ ಸರಿ ಅನ್ಸೋ ದಾರಿ ನಿಮ್ಮೂರಲ್ಲೇ ಇದೆ: ಅಡಿಕೆ ಸಸಿ ನರ್ಸರಿ, ಸುಲಿಯೋ ಮಷಿನ್ ಮಾರೋರು, ಮೈಲುತುತ್ತ ಸುಣ್ಣ ಗೊಬ್ಬರದ ಅಂಗಡಿ, ಇವ್ರಿಗೆ ಬೇಕಾಗಿರೋ ಜನನೇ ನಿಮ್ಮ ಪುಟಕ್ಕೆ ಬರೋರು. ತಿಂಗಳಿಗೆ ಇಷ್ಟು ಅಂತ ಮಾತಾಡ್ಕೊಂಡು ಒಂದು ಹಗುರಾದ ಫೋಟೋ ಹಾಕಿ, ಮೇಲೆ ಜಾಹೀರಾತು ಅಂತ ಸ್ಪಷ್ಟ ಬರೀರಿ, ಲಿಂಕಿಗೆ ಸ್ಪಾನ್ಸರ್ಡ್ ಅನ್ನೋ ಗುರುತು ಹಾಕ್ಸಿ, ಇಲ್ಲಾಂದ್ರೆ ದುಡ್ಡು ತಗೊಂಡು ಲಿಂಕ್ ಮಾರಿದ್ರು ಅಂತ ಗೂಗಲ್ ತಕರಾರು ಮಾಡಬಹುದು. ಅದು ಹೊರಗಿನ ಯಾವ ಕೋಡನ್ನೂ ಎಳ್ಕೊಂಡು ಬರಲ್ಲ, ನಗರದ ಗುಡ್ಡದಲ್ಲೂ ಬೇಗ ಬರತ್ತೆ.

ವಾಟ್ಸಾಪ್ ಗ್ರೂಪಿನ ಕರೆ ಪುಟದ ಕೊನೆಗೆ ಒಂದು ಸಾಲಾಗಿ ಇಡಿ, ರೇಟ್ ಸಿಕ್ಕಿದ ಖುಷಿಯಲ್ಲಿ ಇರೋರು ಒತ್ತಿದ್ರೆ ಒತ್ತುತ್ತಾರೆ. ನೋಟಿಫಿಕೇಶನ್ ಕೇಳೋದನ್ನ ಪುಟ ತೆಗೆದ ಕೂಡ್ಲೇ ಬೇಡ, "ರಾಶಿ ರೇಟ್ ಬದಲಾದ್ರೆ ತಿಳಿಸಿ" ಅಂತ ಒಂದು ಬಟನ್ ಇಟ್ಟು, ಒತ್ತಿದೋರಿಗೆ ಮಾತ್ರ ಕೇಳಿ.

ಇಷ್ಟು ಮಾಡಿದ್ಮೇಲೆ ಕಾಯ್ಬೇಕು. ಸಿಎಲ್‌ಎಸ್ ಥರದ ಅಂಕಿಗಳು 28 ದಿನದ ಲೆಕ್ಕ ಆದ್ರಿಂದ ಒಂದು ತಿಂಗಳಲ್ಲಿ ಬದಲಾಗೋದು ಕಾಣತ್ತೆ, ಸೈಟಿನ ಮೇಲೆ ಗೂಗಲ್‌ಗಿರೋ ಒಟ್ಟು ಅಭಿಪ್ರಾಯ ಬದಲಾಗೋಕೆ ಹಲವು ತಿಂಗಳೇ ಹಿಡೀಬಹುದು, ಎಷ್ಟೋ ಸಲ ಮುಂದಿನ ದೊಡ್ಡ ಅಪ್‌ಡೇಟ್ ಬರೋವರೆಗೂ ಏನೂ ಅಲ್ಲಾಡಲ್ಲ. ಎಲ್ಲಾ ಪುಟ ಒಟ್ಟಿಗೆ ಬದಲಾಯಿಸೋಕೆ ಕಷ್ಟ ಅನ್ಸಿದ್ರೆ ಶಿವಮೊಗ್ಗ ಮಾರುಕಟ್ಟೆ ಪುಟ ಒಂದನ್ನೇ ಮೊದಲು ಮಾಡಿ, ಹಳೇ ದಿನದ ಪುಟಗಳನ್ನ ಅಳಿಸಿ ಬಿಸಾಕ್ಬೇಡಿ, ಅವನ್ನ ಆ ಹೊಸ ಪುಟಕ್ಕೆ ರೀಡೈರೆಕ್ಟ್ ಮಾಡಿ, ಅಂದ್ರೆ ಹಳೇ ಲಿಂಕ್ ಒತ್ತಿದೋರು ತಾನಾಗೇ ಹೊಸ ಪುಟಕ್ಕೆ ಬರೋ ಹಾಗೆ. ಡಿಸೈನರ್ ಮತ್ತೆ ಬಂದ್ರೆ 35 ಸಾವಿರದ ಬದಲು ಈ ನಾಕು ಕೆಲಸಕ್ಕೆ ಎಷ್ಟು ತಗೋತೀರ ಅಂತ ಕೇಳಿ: ಫೋಟೋ ಬದಲು ಟೇಬಲ್, ಆ್ಯಡ್ ಡಬ್ಬಿಗೆ ಎತ್ತರ, ಆ ಎರಡನೇ ನೆಟ್‌ವರ್ಕಿನ ಕೋಡ್ ಬೇರು ಸಮೇತ ತೆಗೆಯೋದು, ರೀಡೈರೆಕ್ಟ್. ಸರ್ಚ್ ಕನ್ಸೋಲಿನ ಆ ಎರಡು ವರ್ಷದ ಹೋಲಿಕೆಯ ಸ್ಕ್ರೀನ್‌ಶಾಟ್ ಕಳಿಸಿದ್ರೆ ಬಿದ್ದಿದ್ದು ಯಾವ ಪುಟ ಅಂತ ನೋಡಿ ಹೇಳ್ತೀನಿ.